ಬಸಿರಿನ ಮನೆಯಲ್ಲಿ ಬೆಕ್ಕು, ಮೊಲ: ಯಾರನ್ನೂ ಹೊರಗೆ ಹಾಕದೆ ಒಂಬತ್ತು ತಿಂಗಳು

ನನಗೆ ಮೂರನೆಯ ತಿಂಗಳು ನಡೆಯುತ್ತಿದ್ದಾಗ ನಮ್ಮ ಮನೆಯ ಕೆಂಪಿಯನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆಮಾಳದಲ್ಲಿ ಬಿಟ್ಟುಬರುವ ಏರ್ಪಾಟು ಆಗಿತ್ತು. ಚೀಲ ಜಗಲಿಯ ಮೇಲಿತ್ತು. ಕೆಂಪಿ ಆ ಚೀಲದ ಮೇಲೆಯೇ ಸುರುಳಿ ಸುತ್ತಿಕೊಂಡು ಮಲಗಿತ್ತು. ಅತ್ತೆಗೆ ಬೆಕ್ಕಿನ ಮೇಲೆ ಹಗೆಯೇನೂ ಇರಲಿಲ್ಲ, ದಿನವೂ ಹಾಲನ್ನ ಕಲಸಿ ಇಡುತ್ತಿದ್ದವರು ಅವರೇ. “ಅದರ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ಒಳ್ಳೆಯದಲ್ಲವಂತೆ ಕಣೇ, ಎಲ್ಲರೂ ಹೇಳುತ್ತಾರೆ” ಎಂದರು. “ಎರಡು ದಿನ ತಡೆಯಿರಿ ಅತ್ತೆ, ಡಾಕ್ಟರನ್ನು ಕೇಳಿ ಬರುತ್ತೇನೆ” ಎಂದೆ. ಹೆರಿಗೆ ವೈದ್ಯರನ್ನೂ ಕೇಳಿದೆ, ಪಶುವೈದ್ಯರನ್ನೂ ಕೇಳಿದೆ. ಇಬ್ಬರ ಮಾತೂ ಒಂದೇ ಆಗಿತ್ತು: ಬೆಕ್ಕನ್ನು ಕಳಿಸಬೇಕಿಲ್ಲ, ಬೆಕ್ಕಿನ ಚಾಕರಿಯನ್ನು ಬೇರೆಯವರಿಗೆ ವಹಿಸಿ.

ಆ ಒಂಬತ್ತು ತಿಂಗಳಲ್ಲಿ ಬೆಕ್ಕು ಮತ್ತು ಮೊಲದ ಜೊತೆ ಹೇಗೆ ಬದುಕಿದೆವು, ಏನನ್ನು ಬದಲಿಸಿದೆವು, ಏಕೆ ಬದಲಿಸಿದೆವು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಶಿವಮೊಗ್ಗ ಪಟ್ಟಣದ ಬಾಡಿಗೆ ಮನೆಯಲ್ಲಿ ಮಲಮೂತ್ರಕ್ಕೆ ಮರಳಿನ ಟ್ರೇ ಇಟ್ಟು ಬೆಕ್ಕು ಸಾಕುವವರಿಗೂ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಮನೆಯಲ್ಲಿ ಬೆಕ್ಕು ಎಲ್ಲಿ ಹೋಗಿ ಎಲ್ಲಿ ಬರುತ್ತದೆಂದು ಗೊತ್ತಿಲ್ಲದೆ ಸಾಕುವವರಿಗೂ ಇದು ಒದಗಲಿ ಎಂಬುದು ನನ್ನ ಆಸೆ.

ಭಯ ಯಾವುದರದ್ದು ಎಂದು ಮೊದಲು ತಿಳಿಯಿರಿ

ಕೂದಲಿನದ್ದಲ್ಲ. ಬಸುರಿ ಹೆಂಗಸಿಗೂ ಬೆಕ್ಕಿಗೂ ನಡುವೆ ನಿಜವಾಗಿ ಚಿಂತೆಗೆ ಕಾರಣವಾಗಬಲ್ಲದ್ದು ಟಾಕ್ಸೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಏಕಕೋಶ ಪರಾವಲಂಬಿ. 1908ರಲ್ಲಿ ಇದನ್ನು ಮೊದಲು ಕಂಡದ್ದು ಬೆಕ್ಕಿನಲ್ಲಿ ಅಲ್ಲವೇ ಅಲ್ಲ. ಉತ್ತರ ಆಫ್ರಿಕಾದ ಟ್ಯೂನಿಸ್‌ನಲ್ಲಿ ಇಲಿಜಾತಿಯ ಒಂದು ಸಣ್ಣ ಪ್ರಾಣಿಯಲ್ಲಿ, ಅದೇ ವರ್ಷ ಬ್ರೆಜಿಲ್‌ನಲ್ಲಿ ಒಂದು ಮೊಲದಲ್ಲಿ. ಬೆಕ್ಕಿಗೂ ಇದಕ್ಕೂ ಇರುವ ನಂಟು ಸ್ಪಷ್ಟವಾಗಲು ಮುಂದೆ ಸುಮಾರು 60 ವರ್ಷ ಹಿಡಿಯಿತು.

ಆ ನಂಟು ಇಷ್ಟು. ಈ ಜೀವಿ ಯಾವ ಬಿಸಿರಕ್ತದ ಪ್ರಾಣಿಯ ಮೈಯೊಳಗೂ ಸೇರಿಕೊಳ್ಳಬಲ್ಲದು, ಆದರೆ ಮೊಟ್ಟೆಯಂಥ ಕೋಶಗಳಾಗಿ ಹೊರಬೀಳುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ ಮಾತ್ರ. ಬೆಕ್ಕು ಸೋಂಕಿರುವ ಇಲಿಯನ್ನೋ ಹಸಿ ಮಾಂಸವನ್ನೋ ಮೊದಲ ಬಾರಿ ತಿಂದಾಗ ಒಂದರಿಂದ ಮೂರು ವಾರ ಈ ಮೊಟ್ಟೆಗಳನ್ನು ಹೊರಹಾಕುತ್ತದೆ. ಆಮೇಲೆ ಅದರ ಮೈಯೇ ತಡೆಶಕ್ತಿ ಬೆಳೆಸಿಕೊಳ್ಳುತ್ತದೆ. ಬಹುತೇಕ ಬೆಕ್ಕುಗಳ ಬದುಕಿನಲ್ಲಿ ಈ ಅವಧಿ ಬರುವುದು ಒಮ್ಮೆ ಮಾತ್ರ. ಬೇಟೆ ಕಲಿಯುತ್ತಿರುವ ಮರಿಬೆಕ್ಕಿಗೆ ಈ ಸಂಭವ ಹೆಚ್ಚು. ಹತ್ತು ವರ್ಷದ ಮುದಿ ಬೆಕ್ಕಿಗೆ ಕಡಿಮೆ.

ಇನ್ನೊಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಮಲದೊಡನೆ ಬಿದ್ದ ಮೊಟ್ಟೆ ಆಗಲೇ ಸೋಂಕು ಹರಡಲಾರದು. ಅದು ಬಲಿಯಲು ಒಂದರಿಂದ ಐದು ದಿನ ಬೇಕು. ಮುಂದೆ ಬರುವ ಅರ್ಧದಷ್ಟು ನಿಯಮಗಳು ಈ ಒಂದು ದಿನದ ಬಿಡುವಿನ ಮೇಲೆ ನಿಂತಿವೆ. ಬೆಕ್ಕು ತನ್ನ ಮೈಯನ್ನು ನೆಕ್ಕಿ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿಯಾದ್ದರಿಂದ ಬಲಿತ ಮೊಟ್ಟೆ ಅದರ ರೋಮದಲ್ಲಿ ಉಳಿಯುವುದು ಅಪರೂಪ. ಮಡಿಲಲ್ಲಿ ಕೂರಿಸಿಕೊಂಡು ತಲೆ ಸವರಿದರೆ ಸೋಂಕು ಬರುವ ಸಂಭವ ತೀರ ಕಡಿಮೆ. ಸವರಿ, ಊಟಕ್ಕೆ ಕೂರುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ.

ಸೋಂಕು ತಾಯಿಗೆ ಬಂದರೆ ಸಾಮಾನ್ಯವಾಗಿ ಸಣ್ಣ ಜ್ವರ, ಕುತ್ತಿಗೆಯ ಗಂಟು ಊದುವುದು, ಅಥವಾ ಏನೂ ಇಲ್ಲ. ತೊಂದರೆ ಇರುವುದು ಬಸಿರಿನಲ್ಲಿ ಮೊದಲ ಬಾರಿಗೆ ತಗುಲಿದಾಗ. ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಮಗುವಿಗೆ ದಾಟುವ ಸಂಭವ ಕಡಿಮೆ, ದಾಟಿದರೆ ಮಾತ್ರ ಮಿದುಳು ಮತ್ತು ಕಣ್ಣಿಗೆ ಪೆಟ್ಟು ಜೋರು. ಕೊನೆಯ ತಿಂಗಳುಗಳಲ್ಲಿ ದಾಟುವುದು ಹೆಚ್ಚು, ಪೆಟ್ಟು ಕಡಿಮೆ. ಆದರೂ ಎಷ್ಟೋ ವರ್ಷದ ನಂತರ ಮಗುವಿನ ಕಣ್ಣಿನಲ್ಲಿ ಅದು ತಲೆ ಎತ್ತಬಹುದು. ಆದ್ದರಿಂದ ಎಚ್ಚರ ಮೊದಲ ದಿನದಿಂದ ಕೊನೆಯ ದಿನದವರೆಗೂ ಬೇಕು.

ಹಂತ 1: ತಾಯಿ ಕಾರ್ಡ್ ಮಾಡಿಸುವ ದಿನವೇ ಬೆಕ್ಕಿನ ಮಾತೆತ್ತಿ

ಮೊದಲ ತಪಾಸಣೆಯಲ್ಲಿ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ “ಮನೆಯಲ್ಲಿ ಬೆಕ್ಕಿದೆ, ಮೊಲವಿದೆ, ತೋಟದ ಕೆಲಸ ಮಾಡುತ್ತೇನೆ” ಎಂದು ನೀವಾಗಿಯೇ ಹೇಳಿ. ಅವರಾಗಿ ಕೇಳುವುದಿಲ್ಲ. ಬೇಕೆನಿಸಿದರೆ ಅವರು ಟಾಕ್ಸೊಪ್ಲಾಸ್ಮಾದ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಆ ಚೀಟಿಯನ್ನು ನೋಡಿ ಅತ್ತವರನ್ನು ನಾನು ಕಂಡಿದ್ದೇನೆ. ಹಾಗಾಗಿ ಅದನ್ನು ಓದುವ ಬಗೆಯನ್ನು ಬರೆಯುತ್ತೇನೆ.

ಅದರಲ್ಲಿ ಐಜಿಜಿ, ಐಜಿಎಂ ಎಂಬ ಎರಡು ಸಾಲು ಇರುತ್ತವೆ; ಇವು ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳು. ಐಜಿಜಿ ಮಾತ್ರ ಪಾಸಿಟಿವ್ ಎಂದಿದ್ದರೆ ಹಿಂದೆಂದೋ ಸೋಂಕು ಬಂದು ಹೋಗಿದೆ, ಮೈಯಲ್ಲಿ ತಡೆಶಕ್ತಿ ಇದೆ ಎಂದು ಅರ್ಥ. ಇದು ಹೆದರುವ ಸುದ್ದಿಯಲ್ಲ. ತಾಯಿಗೆ ರೋಗನಿರೋಧಕ ಶಕ್ತಿ ಕುಂದಿಸುವ ಬೇರೆ ಕಾಯಿಲೆ ಇಲ್ಲದಿದ್ದರೆ ಮಗುವಿಗೆ ಅದೇ ಕಾವಲು. ಎರಡೂ ನೆಗೆಟಿವ್ ಇದ್ದವರೇ ಹೆಚ್ಚು ಎಚ್ಚರದಿಂದ ಇರಬೇಕಾದವರು. ಐಜಿಎಂ ಪಾಸಿಟಿವ್ ಬಂದ ಕೂಡಲೇ ಈಗಲೇ ಸೋಂಕು ತಗುಲಿದೆ ಎಂದು ತೀರ್ಮಾನಿಸಬೇಡಿ. ಅದು ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷದ ಮೇಲೂ ಉಳಿದಿರುತ್ತದೆ. ಆಗ ಐಜಿಜಿಯ ಹಿಡಿತ ಎಷ್ಟು ಗಟ್ಟಿ ಎಂದು ನೋಡುವ ಅವಿಡಿಟಿ ಎಂಬ ಇನ್ನೊಂದು ಪರೀಕ್ಷೆ ಮಾಡಿಸುತ್ತಾರೆ. ಮೊದಲ ನಾಲ್ಕು ತಿಂಗಳೊಳಗೆ ಮಾಡಿಸಿದ ಆ ಪರೀಕ್ಷೆಯಲ್ಲಿ ಹೆಚ್ಚು ಅವಿಡಿಟಿ ಬಂದರೆ ಸೋಂಕು ಬಸಿರಿಗಿಂತ ಹಳೆಯದು. ನಿಜವಾಗಿಯೂ ಹೊಸ ಸೋಂಕಾಗಿದ್ದರೆ ಸ್ಪೈರಮೈಸಿನ್‌ನಂಥ ಔಷಧಗಳಿವೆ, ಚಿಕಿತ್ಸೆ ಇದೆ. ಚೀಟಿಯ ಒಂದು ಸಾಲು ನೋಡಿ ಗರ್ಭ ಉಳಿಸಬೇಕೋ ತೆಗೆಸಬೇಕೋ ಎಂಬ ಮಾತು ಯಾರೇ ಎತ್ತಿದರೂ, ಇನ್ನೊಬ್ಬ ತಜ್ಞರನ್ನು ಕಾಣದೆ ಒಪ್ಪಬೇಡಿ.

ಬೆಕ್ಕನ್ನೂ ಒಮ್ಮೆ ತೋರಿಸಿ. ಶಿವಮೊಗ್ಗದವರಿಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜು ಇದೆ, ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳಿವೆ, 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿಯಿಂದ ನೆರವು ಸಿಗುತ್ತದೆ. ರೇಬೀಸ್ ಲಸಿಕೆ, ಜಂತುಹುಳುವಿನ ಔಷಧ, ಉಣುಗು ಮತ್ತು ಚಿಗಟದ ಔಷಧ, ಈ ಮೂರೂ ಆಗಲಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ ಇದೇ ಸಮಯ. ಬೆಕ್ಕಿನ ಬಸಿರು ಸುಮಾರು ಒಂಬತ್ತು ವಾರ. ನಿಮ್ಮ ಒಂದು ಬಸಿರು ಮುಗಿಯುವುದರೊಳಗೆ ಅದು ಎರಡು ಸಲ ಈಯಬಹುದು, ಮನೆ ತುಂಬ ಮರಿಗಳಾಗಬಹುದು. ಮರಿಗಳೇ ಹೆಚ್ಚು ಅಪಾಯ ಎಂದು ಮೇಲೆ ಹೇಳಿದ್ದೇನೆ. ಅದೇ ಕಾರಣಕ್ಕೆ ಈ ಒಂಬತ್ತು ತಿಂಗಳು ದಾರಿಯಲ್ಲಿ ಸಿಕ್ಕ ಮರಿಯನ್ನು ಕರುಣೆಯಿಂದ ಒಳಗೆ ತರಬೇಡಿ. ಅಕ್ಕಪಕ್ಕದವರಿಗೆ ಒಪ್ಪಿಸಿ.

ಹಂತ 2: ಟ್ರೇಯ ಕೆಲಸ ನಿಮ್ಮದಲ್ಲ

ಮನೆಯ ಬೇರೊಬ್ಬರು ದಿನಕ್ಕೊಮ್ಮೆ, ತಪ್ಪದೆ, ಟ್ರೇ ತೆಗೆಯಬೇಕು. ಎರಡು ದಿನಕ್ಕೊಮ್ಮೆ ಮಾಡಿದರೆ ಉಪಯೋಗವಿಲ್ಲ. ಮೊಟ್ಟೆ ಬಲಿಯುವುದರೊಳಗೆ ಅದು ಮನೆಯಿಂದ ಹೊರಗೆ ಹೋಗಿರಬೇಕು. ನಮ್ಮ ಮನೆಯಲ್ಲಿ ನನ್ನ ಗಂಡ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಈ ಕೆಲಸ ಮಾಡುತ್ತಿದ್ದರು. ಟ್ರೇಯ ತಳಕ್ಕೆ ಎರಡು ಪದರ ದಿನಪತ್ರಿಕೆ, ಮೇಲೆ ಮರಳು. ಮರಳಿನ ಗಂಟನ್ನು ಹಳೆಯ ಸಟ್ಟುಗದಲ್ಲಿ ಎತ್ತಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಪಟ್ಟಣದಲ್ಲಿ ಕಸದ ಗಾಡಿಗೆ, ಹಳ್ಳಿಯಲ್ಲಿ ಬಾವಿಯಿಂದಲೂ ತರಕಾರಿ ಮಡಿಯಿಂದಲೂ ದೂರ ಒಂದೂವರೆ ಅಡಿ ಗುಂಡಿಗೆ. ಗೊಬ್ಬರಗುಂಡಿಗೆ ಹಾಕಬೇಡಿ, ಆ ಗೊಬ್ಬರ ನಾಳೆ ಸೊಪ್ಪಿನ ಬುಡಕ್ಕೆ ಬರುತ್ತದೆ.

ವಾರಕ್ಕೊಮ್ಮೆ ಟ್ರೇಗೆ ಹಂಡೆಯಿಂದ ಕುದಿಯುವ ನೀರು ಸುರಿದು ಹತ್ತು ನಿಮಿಷ ಬಿಡಿ. ಈ ಮೊಟ್ಟೆಗಳು ಬ್ಲೀಚಿಂಗ್ ಪುಡಿಗೆ ಜಗ್ಗುವುದಿಲ್ಲ, ಫೀನೈಲಿಗೂ ಜಗ್ಗುವುದಿಲ್ಲ, ಬಿಸಿಗೆ ಸಾಯುತ್ತವೆ. ಫೀನೈಲಿನಿಂದ ಬೆಕ್ಕಿಗೇ ವಿಷವಾಗುತ್ತದೆ. ಅದು ನಡೆದಾಡುವ ನೆಲಕ್ಕೆ, ಟ್ರೇಗೆ ಅದನ್ನು ಬಳಸಲೇಬೇಡಿ. ಟ್ರೇ ಅಡುಗೆಮನೆಯಲ್ಲಿ ಇರಬಾರದು.

ಮನೆಯಲ್ಲಿ ನೀವೊಬ್ಬರೇ ಇದ್ದರೆ? ಅಂಥವರೂ ಇದ್ದಾರೆ. ಒಮ್ಮೆ ಬಳಸಿ ಬಿಸಾಡುವ ಕೈಗವಸು, ಮೂಗುಬಾಯಿಗೆ ಮಾಸ್ಕ್ ಹಾಕಿಕೊಂಡು ದಿನವೂ ತೆಗೆಯಿರಿ, ಆಮೇಲೆ ಮೊಣಕೈವರೆಗೆ ಸೋಪಿನಲ್ಲಿ ತೊಳೆಯಿರಿ. ದಿನವೂ ಎಂಬುದೇ ಇಲ್ಲಿ ಮುಖ್ಯ.

ಬೆಕ್ಕಿನ ಊಟವನ್ನೂ ನೋಡಿ. ಮೀನಿನ ತಲೆ, ಕೋಳಿ ಅಂಗಡಿಯ ಚೂರುಪಾರು, ಕರುಳು, ಇವುಗಳನ್ನು ಹಸಿಯಾಗಿ ಹಾಕುವ ವಾಡಿಕೆ ನಮ್ಮಲ್ಲಿದೆ. ಕುದಿಸಿ ಹಾಕಿ. ಇಲಿ ಹಿಡಿಯುವುದನ್ನು ಪೂರ್ತಿ ತಪ್ಪಿಸಲು ಆಗದು, ಆದರೆ ರಾತ್ರಿ ಹೊಟ್ಟೆ ತುಂಬ ಹಾಕಿ ಒಳಗೇ ಮಲಗಿಸಿದರೆ ಬೇಟೆ ಕಡಿಮೆಯಾಗುತ್ತದೆ. ಅದು ಪ್ರೀತಿಯಿಂದ ಬಾಗಿಲಿಗೆ ತಂದಿಟ್ಟ ಇಲಿಯನ್ನು ನೀವು ಮುಟ್ಟಬೇಡಿ. ಇಲಿಜ್ವರ ಮಳೆಗಾಲದ ಮಲೆನಾಡಿನಲ್ಲಿ ಸುಮ್ಮನೆ ಬಿಡುವ ಕಾಯಿಲೆಯಲ್ಲ.

ಹಂತ 3: ಟ್ರೇ ಇಲ್ಲದ ಬೆಕ್ಕು, ಅಂದರೆ ನಮ್ಮ ಹಿತ್ತಲು

ಹಳ್ಳಿಯ ಮನೆಯಲ್ಲಿ ಬೆಕ್ಕಿಗೆ ಟ್ರೇ ಎಲ್ಲಿಂದ? ಅದಕ್ಕೆ ಬೇಕಾದದ್ದು ಸಡಿಲವಾದ, ಕೆದಕಲು ಬರುವ ನೆಲ. ನಮ್ಮ ಮನೆಗಳಲ್ಲಿ ಅದು ನಾಲ್ಕು ಕಡೆ ಸಿಗುತ್ತದೆ: ಬಚ್ಚಲ ಒಲೆಯ ಪಕ್ಕದ ಬೂದಿ ಗುಡ್ಡೆ, ಸುಲಿದು ಹಾಕಿದ ಅಡಿಕೆ ಸಿಪ್ಪೆಯ ರಾಶಿ, ಮನೆ ಕಟ್ಟಲು ತರಿಸಿದ ಮರಳು, ಹೊಸದಾಗಿ ಅಗೆದ ಸೊಪ್ಪಿನ ಮಡಿ. ಒಮ್ಮೆ ಹಿತ್ತಲು ಸುತ್ತಿ ಈ ನಾಲ್ಕನ್ನೂ ಗುರುತು ಮಾಡಿಕೊಳ್ಳಿ. ಬೂದಿಯನ್ನು ಮುಚ್ಚಳದ ಡಬ್ಬಕ್ಕೆ ತುಂಬಿಸಿ; ಪಾತ್ರೆ ಬೆಳಗಲು ಬೂದಿ ಬಳಸುವವರು ಒಲೆಯಿಂದ ನೇರವಾಗಿ ತೆಗೆದದ್ದನ್ನೇ ಬಳಸಲಿ, ಗುಡ್ಡೆಯದ್ದನ್ನಲ್ಲ. ಮರಳಿಗೆ ಟಾರ್ಪಾಲು ಹೊದಿಸಿ. ಮಡಿಯ ಮೇಲೆ ಮುಳ್ಳಿನ ಕೊಂಬೆ ಅಡ್ಡ ಹಾಕಿ. ಹೀಗೆ ಮೂರು ಕಡೆ ದಾರಿ ಮುಚ್ಚಿ ಒಂದು ಮೂಲೆಯಲ್ಲಿ ಬೆಕ್ಕಿಗಾಗಿಯೇ ಮರಳು ಬಿಟ್ಟರೆ ಅದು ಅಲ್ಲಿಗೇ ಹೋಗಲು ಕಲಿಯುತ್ತದೆ. ಕೆಂಪಿ ಹತ್ತು ಹನ್ನೆರಡು ದಿನದಲ್ಲಿ ಕಲಿತಿತು.

ಮಣ್ಣನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಹವೆ. ತಂಪಾದ, ತೇವದ, ನೆರಳಿನ ಮಣ್ಣಿನಲ್ಲಿ ಈ ಮೊಟ್ಟೆ ವರ್ಷಕ್ಕೂ ಮೇಲೆ ಜೀವ ಹಿಡಿದಿರುತ್ತದೆ. ಸುಡುವ ಬಿಸಿಲಿನ ಒಣನೆಲದಲ್ಲಿ ಬೇಗ ಸಾಯುತ್ತದೆ. ಅಡಿಕೆ ತೋಟದ ಕೆಳಗಿನ ಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿದೆ. ನಿಮ್ಮ ಮನೆಯಲ್ಲಿ ಬೆಕ್ಕೇ ಇಲ್ಲದಿದ್ದರೂ ಪಕ್ಕದ ಮನೆಯ ಬೆಕ್ಕು, ಕಾಡುಬೆಕ್ಕು ರಾತ್ರಿ ಬಂದು ಹೋಗಿರುತ್ತವೆ. ಸಾಕಿದ ಬೆಕ್ಕನ್ನು ಚೀಲಕ್ಕೆ ಹಾಕಿದರೆ ಕಾಯಿಲೆ ದೂರವಾಗುವುದಿಲ್ಲ ಎಂದು ಅತ್ತೆಗೆ ನಾನು ಕೊನೆಗೂ ಒಪ್ಪಿಸಿದ್ದು ಈ ಮಾತಿನಿಂದಲೇ.

ಸೇವಂತಿಗೆ ಕುಂಡಕ್ಕೆ ಮಣ್ಣು ಹಾಕುವುದು, ಕಳೆ ಕೀಳುವುದು, ಅರಿಸಿನ ಶುಂಠಿ ಕೀಳುವುದು, ಸಾಧ್ಯವಾದರೆ ಬೇರೆಯವರಿಗೆ ಬಿಡಿ. ಬಿಡಲಾಗದಿದ್ದರೆ ರಬ್ಬರ್ ಕೈಗವಸು ಹಾಕಿ, ಉಗುರು ಗಿಡ್ಡ ಇಟ್ಟುಕೊಳ್ಳಿ, ಕೆಲಸದ ನಡುವೆ ಎಲೆಅಡಿಕೆಯನ್ನೋ ನೆಲ್ಲಿಕಾಯಿಯನ್ನೋ ಬಾಯಿಗೆ ಹಾಕಿಕೊಳ್ಳಬೇಡಿ.

ಹಂತ 4: ಅಡುಗೆಮನೆ, ಎಲ್ಲಕ್ಕಿಂತ ಮುಖ್ಯ

ಬೆಕ್ಕನ್ನು ದೂರುವವರು ಈ ಹಂತವನ್ನು ಎರಡು ಸಲ ಓದಲಿ. ಯೂರೋಪಿನ ಆರು ನಗರಗಳಲ್ಲಿ ಬಸುರಿಯರನ್ನು ಕುರಿತು ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಂಕುಗಳ ಶೇ 30ರಿಂದ 63ರಷ್ಟಕ್ಕೆ ಸರಿಯಾಗಿ ಬೇಯದ ಮಾಂಸ ಕಾರಣವೆಂದೂ, ಶೇ 6ರಿಂದ 17ರಷ್ಟಕ್ಕೆ ಮಣ್ಣು ಕಾರಣವೆಂದೂ ಕಂಡುಬಂತು. ಬೆಕ್ಕಿನ ಒಡನಾಟ ಅಪಾಯದ ಕಾರಣವಾಗಿ ನಿಲ್ಲಲಿಲ್ಲ. ಅಲ್ಲಿಯ ಊಟ ಬೇರೆ, ನಮ್ಮದು ಬೇರೆ. ಆದರೂ ಕಣ್ಣಿಡಬೇಕಾದ ಜಾಗ ಒಲೆ ಮತ್ತು ಈಳಿಗೆಮಣೆ ಎಂಬುದು ಇಲ್ಲಿಗೂ ಸಲ್ಲುತ್ತದೆ.

ಮಾಂಸ ತಿನ್ನುವ ಮನೆಯವರು ಕುರಿ, ಹಂದಿ ಮಾಂಸದ ತುಂಡಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮೂರು ನಿಮಿಷವಾದರೂ ಹಾಗೆಯೇ ಇರುವಂತೆ, ಖೀಮಾ 71, ಕೋಳಿ 74 ಡಿಗ್ರಿ ಮುಟ್ಟುವಂತೆ ಬೇಯಿಸಬೇಕು. ಥರ್ಮಾಮೀಟರ್ ಇಲ್ಲದವರು ಒಳಗೆ ಕೆಂಪು ಉಳಿಯದಂತೆ, ರಸ ತಿಳಿಯಾಗುವಂತೆ ಬೇಯಿಸಿ. ಪ್ರೆಷರ್ ಕುಕ್ಕರ್‌ನ ಸಾರಿಗೆ ಈ ಚಿಂತೆ ಇಲ್ಲ. ಕೆಂಡದ ಮೇಲೆ ಸುಟ್ಟದ್ದು, ಹೊಗೆಯಲ್ಲಿ ಒಣಗಿಸಿದ್ದು ಈಗ ಬೇಡ. ಮಸಾಲೆ ಹಚ್ಚಿದ ಹಸಿ ಮಾಂಸದ ಉಪ್ಪು ನೋಡಲು ನಾಲಿಗೆಗೆ ಹಚ್ಚುವ ಅಭ್ಯಾಸ ಇದ್ದರೆ ಬಿಡಿ. ಕಾಡಿನ ಮಾಂಸ ಕಾನೂನಿಗೂ ವಿರುದ್ಧ, ಬಸಿರಿಗೂ ಸಲ್ಲದು. ಹಸಿ ಮಾಂಸ ಕೊಯ್ದ ಮಣೆ, ಕತ್ತಿ, ಕೈ ಮೂರನ್ನೂ ತೊಳೆದೇ ಸೌತೆಕಾಯಿ ಹೆಚ್ಚಬೇಕು.

ಸಸ್ಯಾಹಾರಿಗಳ ಮನೆಯಲ್ಲಿ ಉಳಿಯುವುದು ಸೊಪ್ಪು ಮತ್ತು ನೀರು. ನಮ್ಮ ಕಡೆ ಬಸುರಿಗೆ ಬಾಯಿಗೆ ರುಚಿಸದಿದ್ದಾಗ ಮೊದಲು ಮಾಡುವುದು ಒಂದೆಲಗದ ತಂಬುಳಿ. ಒಂದೆಲಗ ಬೆಳೆಯುವುದು ಎಲ್ಲಿ? ಬಾವಿಕಟ್ಟೆಯ ಬುಡ, ಬಚ್ಚಲ ನೀರು ಹರಿಯುವ ಕಾಲುವೆ, ತೋಟದ ಅಂಚು. ನೆಲಕ್ಕೆ ಅಂಟಿಕೊಂಡು, ಬೇರು ಸಮೇತ ಕೈಗೆ ಬರುವ ಸೊಪ್ಪು ಅದು. ಒಂದು ಹಿಡಿಯನ್ನು ಬಿಳಿ ಬಟ್ಟಲಿನಲ್ಲಿ ನೀರಿಗೆ ಹಾಕಿ ಅಲುಗಿಸಿ ನೋಡಿ. ಮೊದಲ ನೀರು ಚಹಾದ ಬಣ್ಣ. ಎರಡನೆಯದರಲ್ಲಿ ತಳಕ್ಕೆ ಸಣ್ಣ ಮರಳು. ಮೂರನೆಯದರಲ್ಲೂ ತೊಟ್ಟಿನ ಕವಲಿನಿಂದ ಒಂದೆರಡು ಕಣ ಇಳಿಯುತ್ತವೆ. ಆ ಕಣಗಳೊಂದಿಗೆ ಏನಿದೆಯೆಂದು ಕಣ್ಣಿಗೆ ಕಾಣದು. ನಾನು ಮಾಡಿದ್ದು ಹೀಗೆ: ಬೇರು ಮತ್ತು ತೊಟ್ಟು ಕತ್ತರಿಸಿ ಎಲೆ ಮಾತ್ರ ಉಳಿಸಿ, ನಾಲ್ಕು ನೀರಿನಲ್ಲಿ ತೊಳೆದು, ತುಪ್ಪದಲ್ಲಿ ಜೀರಿಗೆಯೊಡನೆ ಎಲೆ ಪೂರ್ತಿ ಬಾಡಿ ಹಬೆ ಏಳುವವರೆಗೆ ಹುರಿದು, ಆಮೇಲೆ ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆ ಸೇರಿಸಿದೆ. ಹಸಿಯಾಗಿ ರುಬ್ಬಿದ್ದರ ಘಮ ಬೇರೆಯೇ, ಒಪ್ಪುತ್ತೇನೆ. ಅದನ್ನು ಬಾಣಂತನ ಮುಗಿದ ಮೇಲೆ ತಿಂದೆ. ಕೋಸಂಬರಿಗೆ ಹಾಕುವ ಸೌತೆ, ಕ್ಯಾರೆಟ್ಟನ್ನು ತೊಳೆದು ಸಿಪ್ಪೆ ತೆಗೆದರೆ ಸಾಕು. ಕೆಸುವಿನ ಪತ್ರೊಡೆ ಹಬೆಯಲ್ಲಿ ಬೇಯುವುದರಿಂದ ಚಿಂತೆಯಿಲ್ಲ.

ನೀರು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರನ್ನು ಹಾಗೆಯೇ ಕುಡಿಯುವ ಮನೆಗಳು ಇನ್ನೂ ಇವೆ, ಅದರ ರುಚಿಯ ಬಗ್ಗೆ ನಮಗೆ ಹೆಮ್ಮೆಯೂ ಇದೆ. ಆದರೆ 1995ರಲ್ಲಿ ಕೆನಡಾದ ವಿಕ್ಟೋರಿಯಾ ನಗರದಲ್ಲಿ ಟಾಕ್ಸೊಪ್ಲಾಸ್ಮಾ ಹರಡಿದಾಗ ಬೆರಳು ತೋರಿದ್ದು ಕುಡಿಯುವ ನೀರಿನ ಜಲಾಶಯದತ್ತ. ಕ್ಲೋರಿನ್ ಈ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಕುದಿಸಿ ಆರಿಸಿ ಕುಡಿಯಿರಿ, ತೋಟಕ್ಕೆ ಹೋಗುವಾಗಲೂ ಬಾಟಲಿಯಲ್ಲಿ ಒಯ್ಯಿರಿ. ಆಡಿನ ಹಾಲನ್ನೂ ಕಾಯಿಸದೆ ಕುಡಿಯಬೇಡಿ.

ಹಂತ 5: ಉಣುಗು

ಬಸಿರು ಮತ್ತು ಬೆಕ್ಕಿನ ವಿಚಾರ ಬಂದಾಗ ಇದನ್ನು ಯಾರೂ ಹೇಳುವುದಿಲ್ಲ, ಶಿವಮೊಗ್ಗ ಜಿಲ್ಲೆಯವರು ಮಾತ್ರ ಹೇಳಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಮಳೆ ನಿಂತು ಕಾಡು ಒಣಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ, ಅದರ ಕಾಲ. ಬೆಕ್ಕು ಕಾಡಂಚಿಗೆ ಹೋಗಿ ಬಂದರೆ ಉಣುಗು ಅದರ ಮೈ ಹತ್ತಿ ಬರುತ್ತದೆ, ಅದು ಮಲಗುವುದು ನಿಮ್ಮ ಹಾಸಿಗೆಯಲ್ಲಿ. ಮೊಲಕ್ಕೆಂದು ಬೆಟ್ಟದಿಂದ ತಂದ ಸೊಪ್ಪಿನಲ್ಲೂ, ಕೊಟ್ಟಿಗೆಗೆ ತಂದ ದರಕಿನಲ್ಲೂ (ಉದುರಿದ ಒಣ ಎಲೆ) ಮರಿ ಉಣುಗು ಇರುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದು.

ಈ ಆರು ತಿಂಗಳು ಬೆಕ್ಕನ್ನು ಕಾಡಿಗೆ ಬಿಡದೆ ಇರಲು ಸಾಧ್ಯವಾದರೆ ಬಿಡಬೇಡಿ. ಸಂಜೆ ಮನೆಗೆ ಬಂದಾಗ ಬೇರೊಬ್ಬರು ಕಿವಿಯ ಒಳಮಡಿಕೆ, ಗಲ್ಲದ ಕೆಳಗೆ, ಬೆರಳ ಸಂದು ನೋಡಲಿ. ಸಿಕ್ಕ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರವಾಗಿ ಎಳೆದು ಸೋಪುನೀರಿಗೆ ಹಾಕಬೇಕು. ಉಗುರಿನಲ್ಲಿ ಹಿಚುಕಬಾರದು, ಸೀಮೆಎಣ್ಣೆ ಸುರಿಯಬಾರದು. ದರಕು ತರಲು ಬೆಟ್ಟಕ್ಕೆ ನೀವು ಹೋಗಬೇಡಿ. ಮನೆಯ ಸುತ್ತ ಮಂಗ ಸತ್ತು ಬಿದ್ದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಹತ್ತಿರ ಹೋಗಬೇಡಿ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಹರಿದಂತೆ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ, ಕಾಡಂಚಿನ ಮನೆ ಎಂದು ಹೇಳಿ. ಉಣುಗಿಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ನಿಮ್ಮ ಮೈಗೆ ಹಚ್ಚುವ ಮುನ್ನ ವೈದ್ಯರನ್ನು ಕೇಳಿ.

ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆ. ದನಗಳಿಗೆ ಉಣುಗು ಬಿದ್ದಾಗ ಹಚ್ಚುವ ಔಷಧವನ್ನು, ನಾಯಿಗೆ ತಂದ ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ಬೆಕ್ಕು ಸಾಯಬಹುದು. ಬೆಕ್ಕಿಗೆ ಹೊಂದುವ ಫಿಪ್ರೊನಿಲ್ ಮೊಲಕ್ಕೆ ವಿಷ. ಒಂದೊಂದು ಪ್ರಾಣಿಗೆ ಅದರದೇ ಔಷಧ, ಪಶುವೈದ್ಯರು ಬರೆದದ್ದು ಮಾತ್ರ. ಹಚ್ಚುವ ಕೆಲಸವೂ ನಿಮ್ಮದಲ್ಲ.

ಹಂತ 6: ಪರಚಿದರೆ, ಕಚ್ಚಿದರೆ

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ. ಅಂದಾಜಿನಲ್ಲಿ ತೊಳೆದರೆ ಎರಡು ನಿಮಿಷಕ್ಕೆ ಕೈ ನಿಲ್ಲುತ್ತದೆ. ಅರಿಸಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೊರಗೆ ಅಲೆಯುವ ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ, ನಾಯಿಯಿಂದ ಮಾತ್ರವಲ್ಲ. ರೇಬೀಸ್ ಲಸಿಕೆಗೆ ಬಸಿರು ಅಡ್ಡಿಯಲ್ಲ. ರಕ್ತ ಬಂದ ಗಾಯಕ್ಕೆ ಕೊಡುವ, ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಾದ ಇಮ್ಯುನೋಗ್ಲಾಬ್ಯುಲಿನ್‌ಗೂ ಅಲ್ಲ. “ಬಸುರಿಗೆ ಚುಚ್ಚುಮದ್ದು ಬೇಡ” ಎಂದು ಮನೆಯವರು ತಡೆದರೆ ಈ ಮಾತಿನಲ್ಲಿ ಮಾತ್ರ ಅವರನ್ನು ಮೀರಿ. ರೇಬೀಸ್ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಚರ್ಮದ ಮೇಲೆ ದುಂಡಗೆ ಕೆಂಪಾಗಿ ತುರಿಸುವ ಹುಳುಕಡ್ಡಿ ಬೆಕ್ಕಿನಿಂದಲೂ ಮೊಲದಿಂದಲೂ ಅಂಟುತ್ತದೆ. ಅದು ಮಗುವಿಗೆ ದಾಟುವುದಿಲ್ಲ. ಆದರೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಬೇಡಿ. ಅದಕ್ಕೆ ಕೊಡುವ ಗ್ರಿಸಿಯೋಫಲ್ವಿನ್ ಬಸಿರಿನಲ್ಲಿ ನಿಷಿದ್ಧ. ಬೆಕ್ಕಿಗೆ ಆ ಮಾತ್ರೆ ಕೊಡುವ ಕೈಯೂ ನಿಮ್ಮದಾಗಬಾರದು.

ಹಂತ 7: ಮೊಲ

ಮೊಲದ ವಿಷಯದಲ್ಲಿ ನೆಮ್ಮದಿಯ ಮಾತನ್ನು ಮೊದಲು ಹೇಳುತ್ತೇನೆ: ಮೊಲದ ಹಿಕ್ಕೆಯಿಂದ ಟಾಕ್ಸೊಪ್ಲಾಸ್ಮಾ ಬರುವುದಿಲ್ಲ. ಅದರ ಮೈಯೊಳಗೆ ಸೋಂಕು ಇದ್ದರೂ ಮೊಟ್ಟೆಯಾಗಿ ಹೊರಬೀಳದು. ಬೇಯದ ಮೊಲದ ಮಾಂಸ ತಿಂದರೆ ಮಾತ್ರ ದಾಟುತ್ತದೆ.

ನನಗೆ ತೊಂದರೆ ಕೊಟ್ಟದ್ದು ಅದರ ಮೂತ್ರದ ಘಾಟು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಪಂಜರವಿದ್ದರೆ ಅಮೋನಿಯಾ ಕಣ್ಣು ಮೂಗು ಉರಿಸುತ್ತದೆ, ವಾಕರಿಕೆ ಹೆಚ್ಚುತ್ತದೆ, ಮೊಲದ ಶ್ವಾಸಕೋಶವೂ ಕೆಡುತ್ತದೆ. ಪಂಜರವನ್ನು ಜಗಲಿಗೆ, ಎರಚಲು ಬೀಳದ ಕಡೆ, ನೆಲದಿಂದ ಎರಡಡಿ ಎತ್ತರಕ್ಕೆ ಸರಿಸಿ. ಕೆಳಗೆ ಭತ್ತದ ಉಮಿ ಹಾಸಿ ದಿನವೂ ಬದಲಿಸಿ. ಮೂತ್ರದ ಮೂಲಕ ಎನ್ಸಿಫಾಲಿಟೊಜೂನ್ ಎಂಬ ಸೂಕ್ಷ್ಮಜೀವಿ ಬರಬಹುದು. ಅದು ಮನುಷ್ಯರಿಗೆ ತಗುಲಿದ್ದು ಹೆಚ್ಚಾಗಿ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ. ಪಂಜರ ತೊಳೆಯುವವರು ಕೈಗವಸು ಹಾಕಿಕೊಳ್ಳಲಿ. ಮೂತ್ರ ಕೆಲವೊಮ್ಮೆ ಕೆಂಪಗೆ ಇರುತ್ತದೆ. ಹೆಚ್ಚಿನ ಸಲ ಅದು ಮೇವಿನ ಬಣ್ಣ. ನೋಡಿ ಗಾಬರಿಯಾಗಬೇಡಿ, ಮರುದಿನವೂ ಹಾಗೆಯೇ ಇದ್ದರೆ ವೈದ್ಯರಿಗೆ ತೋರಿಸಿ.

ಎತ್ತಿಕೊಳ್ಳುವ ಬಗೆ ಮುಖ್ಯ. ಮೊಲದ ಹಿಂಗಾಲಿಗೆ ಇರುವ ಬಲ ಅದರ ಗಾತ್ರಕ್ಕೆ ಮೀರಿದ್ದು. ಬೆದರಿ ಒದ್ದರೆ ಹೊಟ್ಟೆಯ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ, ಕೈಜಾರಿ ಬಿದ್ದರೆ ಅದರ ಬೆನ್ನುಮೂಳೆ ಮುರಿಯುತ್ತದೆ. ನಿಂತು ಎತ್ತಬೇಡಿ. ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ತೊಡೆಯ ಮೇಲೆ ದಪ್ಪ ಟವೆಲ್ ಹಾಸಿ, ಗರಿಕೆ ತೋರಿಸಿ ಅದಾಗಿಯೇ ಬರುವಂತೆ ಮಾಡಿ. ನಮ್ಮ ಮೊಲ ಹತ್ತಿ ನನ್ನ ಏಳನೆಯ ತಿಂಗಳಲ್ಲಿ ನನ್ನ ಮೊಣಕಾಲಿಗೆ ಗಲ್ಲ ಉಜ್ಜಿ ಅಲ್ಲೇ ಒರಗಿ ನಿದ್ದೆ ಹೋಗುತ್ತಿತ್ತು. ಉಗುರು ಕತ್ತರಿಸುವುದನ್ನು ಬೇರೆಯವರಿಗೆ ಬಿಡಿ.

ಗರಿಕೆಯನ್ನು ಬೆಕ್ಕು ಓಡಾಡದ ಕಡೆಯಿಂದ ತರಿಸಿ ತೊಳೆದು ಹಾಕಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ತೋಟದ ಹುಲ್ಲು ಬೇಡ. ಕಾಡಿನಲ್ಲಿ ಸಿಕ್ಕ ಮೊಲದ ಮರಿಯನ್ನು ತಂದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಉಣುಗಿನ ಭಯವಂತೂ ಇದ್ದೇ ಇದೆ. ಮನೆಯಲ್ಲಿ ಹ್ಯಾಮ್‌ಸ್ಟರ್ ಇದ್ದರೆ ಮಾತ್ರ ಹೆರಿಗೆಯವರೆಗೆ ಬೇರೆ ಮನೆಗೆ ಕಳಿಸಿ. ಹ್ಯಾಮ್‌ಸ್ಟರ್ ಮತ್ತು ಇಲಿಗಳಿಂದ ಬರುವ ಎಲ್‌ಸಿಎಂ ಎಂಬ ವೈರಸ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿ.

ಹಂತ 8: ತವರಿಗೆ ಹೊರಡುವ ಮುನ್ನ, ತೊಟ್ಟಿಲು ಕಟ್ಟುವ ಮುನ್ನ

ಸೀಮಂತವಾಗಿ ತವರಿಗೆ ಹೋದಾಗ ಬೆಕ್ಕು ಮೊಲ ಗಂಡನ ಮನೆಯಲ್ಲೇ ಇರಲಿ. ಹೊಸ ಊರಲ್ಲಿ ಬೆಕ್ಕು ದಾರಿ ತಪ್ಪುತ್ತದೆ. ಟ್ರೇ, ಮೇವು, ಔಷಧದ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ ಹೊರಡಿ. ತವರಿನ ಬೆಕ್ಕಿಗೂ ಈವರೆಗಿನ ಎಲ್ಲ ನಿಯಮಗಳು ಅನ್ವಯಿಸುತ್ತವೆ. ಅಮ್ಮನ ಮನೆಯೆಂದು ಸಡಿಲ ಬಿಡಬೇಡಿ.

ಬಾಣಂತಿ ಕೋಣೆ ಬೆಚ್ಚಗಿರುತ್ತದೆ, ಬೆಕ್ಕಿಗೆ ಬೆಚ್ಚಗಿನ ಜಾಗ ಬೇಕು, ತೊಟ್ಟಿಲು ಅದರ ಕಣ್ಣಿಗೆ ತನಗೇ ಕಟ್ಟಿದ ಹಾಸಿಗೆ. ಮಗುವಿನ ಉಸಿರನ್ನು ಬೆಕ್ಕು ಹೀರುತ್ತದೆ ಎಂಬುದು ಸುಳ್ಳು. ಬೆಚ್ಚಗಿನ ಮುಖಕ್ಕೆ ಒರಗಿ ಮಲಗಿದರೆ ಉಸಿರಾಟಕ್ಕೆ ಅಡ್ಡಿಯಾಗಬಹುದು ಎಂಬುದು ನಿಜ. ಹೆರಿಗೆಗೆ ತಿಂಗಳು ಮೊದಲೇ ತೊಟ್ಟಿಲು ಕಟ್ಟಿ, ಅದರೊಳಗೆ ಹೇರಳೆಕಾಯಿ ಸಿಪ್ಪೆ ಹರವಿ ಬಿಡಿ. ಆ ವಾಸನೆ ಬೆಕ್ಕಿಗೆ ಆಗದು, ಎರಡು ಸಲ ಮೂಸಿ ಹಿಂದೆ ಸರಿಯುತ್ತದೆ. ಮಗು ಬರುವ ದಿನ ಸಿಪ್ಪೆ ತೆಗೆದು ಬಟ್ಟೆ ಬದಲಿಸಿ. ಕೋಣೆಯ ಬಾಗಿಲಿಗೆ ಸೊಳ್ಳೆ ಜಾಲರಿಯ ಚೌಕಟ್ಟು ಹಾಕಿಸಿದರೆ ಗಾಳಿಯೂ ಆಡುತ್ತದೆ, ಬೆಕ್ಕಿಗೆ ಒಳಗಿನದು ಕಾಣುತ್ತದೆ, ಒಳಗೆ ಬರಲಾಗದು. ಕೂಸಿಗೆ ಸಾಂಬ್ರಾಣಿ ಹೊಗೆ ಹಾಕುವ ವಾಡಿಕೆಯಿದ್ದರೆ ಮೊಲದ ಪಂಜರ ಆ ಕಡೆ ಬೇಡವೇ ಬೇಡ, ಅದರ ಉಸಿರಿಗೆ ಹೊಗೆ ಸೇರುವುದಿಲ್ಲ.

ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಕೂಸಿಗೆ ಸುತ್ತಿದ ಬಟ್ಟೆಯೊಂದನ್ನು ಮನೆಗೆ ಕಳಿಸಿ, ಬೆಕ್ಕು ಮಲಗುವ ಕಡೆ ಇಡಲು ಹೇಳಿ. ಅದು ಮೂಸಿ, ಸುತ್ತಿ, ಮೇಲೆ ಕುಳಿತು ಗುರುತು ಮಾಡಿಕೊಳ್ಳಲಿ. ಆ ಬಟ್ಟೆ ಮತ್ತೆ ಕೂಸಿಗೆ ಬೇಡ, ಬೆಕ್ಕಿಗೇ ಬಿಟ್ಟುಬಿಡಿ.